ಹದಿನೆಂಟು ಮೀಟರ್ ಆಳದ ಎಂಜಲು

ಶ್ರೀಪಾದ ಡೈವಿಂಗ್ ಮಾಸ್ಕಿನ ಗಾಜಿನ ಒಳಗೆ ಉಗುಳಿ, ಬೆರಳಿನಿಂದ ನೀಟಾಗಿ ಸವರಿದ. ಅದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಮೇಲೆತ್ತಿದಾಗಲೇ, ಕೃಪಾಳ ಕಣ್ಣಿಗೆ ಅದರ ಪಟ್ಟಿಯ ಮೇಲೆ ತಾನೇ ಗುರುತಿಗೆಂದು ಅಂಟಿಸಿದ್ದ ಹಳದಿ ಟೇಪು ಬಿದ್ದದ್ದು.

"ಏಯ್! ಅದು ನಂದು!"

ಅವನು ಪಟ್ಟಿಯನ್ನು ತಿರುಗಿಸಿ ನೋಡಿದ. ಕಿವಿ ಕೆಂಪಾಯಿತು. "ಅಯ್ಯೋ, ಎರಡೂ ಕಪ್ಪು. ಸಾರಿ ಕಣೇ. ಆದ್ರೂ ಚೆನ್ನಾಗಿ ಹಚ್ಚಿದೀನಿ, ಒಳಗೆ ಮಂಜು ಕಟ್ಟಲ್ಲ."

"ಥೂ!"

"ಅದನ್ನೇ ಮಾಡಿದ್ದು."

ಬೋಟಿನ ಜಪಾನಿ ಕ್ಯಾಪ್ಟನ್ ಮೋರಿ ಸಾನ್ ಒಣ ಸ್ಕ್ವಿಡ್ ಜಗಿಯುತ್ತಾ ನಕ್ಕರು. ಭಾಷೆ ತಿಳಿಯದಿದ್ದರೂ ಜಗಳ ತಿಳಿದಿತ್ತು.

ಕೃಪಾಗೆ ಆ ಬೋಟಿನಲ್ಲಿ ಅಸಹ್ಯವಾಗದ ವಸ್ತು ಒಂದೂ ಇರಲಿಲ್ಲ. ಡೀಸೆಲ್ ಹೊಗೆ, ಸ್ಕ್ವಿಡ್ಡಿನ ವಾಸನೆ, ಯಾರ್ಯಾರೋ ತೊಟ್ಟು ಬಿಟ್ಟ ಬಾಡಿಗೆ ವೆಟ್‌ಸೂಟಿನ ಹುಳಿ ನಾತ, ಎಲ್ಲರ ಮಾಸ್ಕೂ ಮುಳುಗೇಳುವ ಆ ಒಂದೇ ಬಕೆಟ್ಟು. ಎಂಜಲು ಮುಸುರೆ ನೋಡುವ ಮನೆಯಲ್ಲಿ ಬೆಳೆದವಳು. ತುಟಿ ಸೋಕಿಸದೆ ನೀರು ಎತ್ತಿ ಕುಡಿಯುವುದನ್ನು ಐದನೇ ವಯಸ್ಸಿಗೇ ಕಲಿತಿದ್ದಳು. ಆಮೇಲೆ ಮೈಕ್ರೋಬಯಾಲಜಿ ಓದಿ, ಅಮ್ಮನ ನಂಬಿಕೆಗೆ ಅಂಕಿಯನ್ನೂ ಸೇರಿಸಿಕೊಂಡಳು: ಒಂದು ಮಿಲಿಲೀಟರ್ ಎಂಜಲಿನಲ್ಲಿ ಸುಮಾರು ಹತ್ತು ಕೋಟಿ ಬ್ಯಾಕ್ಟೀರಿಯಾ.

ಕೋಬೆಯ ಲ್ಯಾಬಿನಲ್ಲಿ ಅವಳ ಪಿಎಚ್‌ಡಿ ನಡೆಯುತ್ತಿದ್ದುದು ಮುಳುಗಿದ ಹಡಗುಗಳ ಕಬ್ಬಿಣವನ್ನು ತಿನ್ನುವ ಬ್ಯಾಕ್ಟೀರಿಯಾಗಳ ಮೇಲೆ. ಇಝು ಕರಾವಳಿಯಾಚೆ ಬಿದ್ದಿರುವ ಈ ಹಳೆಯ ಸರಕು ಹಡಗಿಗೆ ಇದು ನಾಲ್ಕನೇ ಪಯಣ, ಈ ಸೀಸನ್ನಿನ ಕೊನೆಯದು. ನಾಲ್ಕರಲ್ಲೂ ಅವಳ ಜೊತೆ ಇಳಿದವನು ಶ್ರೀಪಾದ. ಮೈಸೂರಿನವನು, ಸಗಮಿಹಾರಾ ನಗರದಲ್ಲಿ ಉಪಗ್ರಹಗಳ ಎಂಜಿನಿಯರ್. ವಾರವೆಲ್ಲ ಆಕಾಶದ ಕೆಲಸ, ರಜೆ ಬಂದರೆ ಸಮುದ್ರದ ತಳ.

"ತುಕ್ಕಿನ ಲೋಳೆನ ಮಗು ಥರ ಎತ್ಕೊತೀಯ," ಅವನು ಮಾಸ್ಕನ್ನು ಚಾಚಿದ. "ನನ್ನ ಉಗುಳು ಮಾತ್ರ ಅಸಹ್ಯ."

"ತುಕ್ಕು ಬೆಳಿಗ್ಗೆ ನಾತ್ತೋ ಅಂತ ಕೊಳೆತ ಸೋಯಾಕಾಳು ತಿಂದು ಬಂದಿರಲ್ಲ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲೇ ಕಿರಿದಾಗುತ್ತದೆ. ಇದನ್ನು ಅವಳು ಎರಡನೇ ಪಯಣದಲ್ಲೇ ಗಮನಿಸಿದ್ದಳು. ಆಮೇಲೆ ಎಷ್ಟೋ ಸಲ ಪರೀಕ್ಷಿಸಿಯೂ ನೋಡಿದ್ದಳು.

ಹೋದ ಸಲ ಬಂದರಿನಲ್ಲಿ ಟ್ಯಾಂಕು ಇಳಿಸುತ್ತಾ ಅವನು ಹೇಳಿದ್ದ: "ಮಾರ್ಚಿಗೆ ನನ್ನ ಕಾಂಟ್ರ್ಯಾಕ್ಟ್ ಮುಗಿಯತ್ತೆ. ಇನ್ನೆರಡು ವರ್ಷ ಬೇಕು ಅಂದ್ರೆ ಈ ಸೋಮವಾರದ ಮುಂದಿನ ಸೋಮವಾರ ಫಾರಂ ಕೊಡ್ಬೇಕು. ನೀನು ಇರು ಅಂದ್ರೆ ಇರ್ತೀನಿ. ಬರೀ ಫ್ರೆಂಡ್ ಆಗಿ ಅಲ್ಲ, ಗೊತ್ತಾಯ್ತಲ್ಲ?"

ಇಂದು ಶನಿವಾರ; ಆ ಸೋಮವಾರಕ್ಕೆ ಇನ್ನೆರಡೇ ದಿನ. ಅವಳು ಪ್ರಾಮಾಣಿಕವಾಗಿ ಯೋಚಿಸಿದ್ದಳು. ಅವನ ಕೈ ಹಿಡಿದು ನಡೆಯುವುದು ಸುಲಭವಾಗಿ ಕಣ್ಣ ಮುಂದೆ ಬಂತು. ಅವನ ಮುಖ ಹತ್ತಿರವಾಯಿತು, ಉಸಿರು ತಾಗಿತು; ಅಷ್ಟರಲ್ಲಿ, ತಪ್ಪದೆ, ಹತ್ತು ಕೋಟಿ. ಅಲ್ಲೇ ಮುಖ ತಿರುಗಿಸಿಬಿಡುತ್ತಿದ್ದಳು. ಇಂಥವಳು ಯಾರ ಜೊತೆ ಬಾಳಿಯಾಳು? ಬೇಡವೆಂದು ಹೇಳುವ ವಾಕ್ಯವನ್ನು ರೈಲಿನಲ್ಲಿ ಮೂರು ಸಲ ತಿದ್ದಿಕೊಂಡು ಬಂದಿದ್ದಳು.

ಇಳಿಯುವ ಮೊದಲು ಅವನು ಎಂದಿನಂತೆ ನಿಯಮಗಳನ್ನು ಒಪ್ಪಿಸಿದ. "ಗಾಳಿ ಬೇಕಾದ್ರೆ ಸನ್ನೆ ಮಾಡು. ನನ್ನ ಬಾಯಲ್ಲಿರೋ ಉಸಿರಿನ ನಳಿಕೆನೇ ಕೊಡ್ತೀನಿ."

"ನಿನ್ನ ಕತ್ತಿನಲ್ಲಿ ಇನ್ನೊಂದು ನೇತಾಡ್ತಿದೆಯಲ್ಲ, ಅದನ್ನ ಕೊಡಪ್ಪ."

"ಬಾಯಲ್ಲಿರೋದು ಕೆಲಸ ಮಾಡ್ತಿದೆ ಅಂತ ಗೊತ್ತು. ಇನ್ನೊಂದು ಬರೀ ನಂಬಿಕೆ. ನಂಬಿಕೆ ನಂಗಿರ್ಲಿ."

ಅವಳು ಮಾಸ್ಕನ್ನು ಬಾಟಲಿ ನೀರಿನಲ್ಲಿ ಎರಡು ಸಲ ತೊಳೆದು ಹಾಕಿಕೊಂಡಳು.

ಹದಿನೆಂಟು ಮೀಟರಿನಲ್ಲಿ ಹಡಗು ಮಗ್ಗುಲಾಗಿ ಮಲಗಿತ್ತು. ಕಬ್ಬಿಣದಿಂದ ಕಂದು ತುಕ್ಕು ಮೇಣದಂತೆ ಇಳಿಬಿದ್ದಿತ್ತು. ಮೇಲಿನ ಅಲೆಗಳ ಸೆಳೆತ ಇಲ್ಲಿಗೂ ಮುಟ್ಟಿ, ಅವಳನ್ನು ತೊಟ್ಟಿಲಿನಂತೆ ತೂಗುತ್ತಿತ್ತು. ಕೆರೆದ ತುಕ್ಕಿನಿಂದ ಒಂದು ಟ್ಯೂಬು ತುಂಬಿತು. ಎರಡನೆಯದೂ ತುಂಬಿತು. ಮೂರನೆಯದರ ಮುಚ್ಚಳ ತೆಗೆಯುವಾಗ ಹೊಟ್ಟೆ ಮೇಲೆದ್ದು ಬಂತು.

ಬೆಳಿಗ್ಗೆ ಕೊಂಬಿನಿ ಅಂಗಡಿಯಲ್ಲಿ ಕೊಂಡು ತಿಂದ ಅನ್ನದುಂಡೆ ಉಸಿರಿನ ನಳಿಕೆಯ ಮೂಲಕವೇ ಹೊರಬಂತು. ಎಲ್ಲಿಂದಲೋ ಪುಟ್ಟ ಮೀನುಗಳು ಮದುವೆಯೂಟಕ್ಕೆ ನುಗ್ಗುವಂತೆ ಬಂದು ಅಗುಳುಗಳಿಗೆ ಮುತ್ತಿದವು. ಅವಳು ಉಸಿರೆಳೆದಳು. ಗಾಳಿಯ ಬದಲು ಉಪ್ಪುನೀರು, ಹುಳಿ.

ಕೈ ಎತ್ತಿ ಸನ್ನೆ ಮಾಡುವಷ್ಟರಲ್ಲಿ ಅವನು ಎದುರಿಗಿದ್ದ. ತನ್ನ ಬಾಯಿಂದ ನಳಿಕೆ ಕಿತ್ತು ಅವಳ ಬಾಯಿಗೆ ಒತ್ತಿದ. ಕತ್ತಿನಲ್ಲಿದ್ದುದನ್ನು ತಾನು ಕಚ್ಚಿಕೊಂಡ. ರಬ್ಬರು ಬೆಚ್ಚಗಿತ್ತು. ಅವಳು ಹಲ್ಲಿನಿಂದ ಬಿಗಿಯಾಗಿ ಹಿಡಿದು ಎಳೆದಳು. ಗಾಳಿ ಬಂತು.

ಮೇಲೇರುವಾಗ, ದೇಹ ಒತ್ತಡಕ್ಕೆ ಹೊಂದಿಕೊಳ್ಳಲೆಂದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಅವನು ಅವಳ ತೋಳು ಹಿಡಿದಿದ್ದ. ಒಬ್ಬರ ಮಾಸ್ಕಿಗೆ ಇನ್ನೊಬ್ಬರದು ಒಂದು ಗೇಣು ದೂರ. ಹತ್ತು ಕೋಟಿಯ ಅಂಕಿ ನೆನಪಾದದ್ದು ಆಗ, ಎರಡನೇ ನಿಮಿಷದಲ್ಲಿ. ಅವಳು ನಳಿಕೆಯನ್ನು ಬಿಡಲಿಲ್ಲ.

ಬೋಟಿನಲ್ಲಿ ಮೋರಿ ಸಾನ್ "ದೈಜೋಬು?" ಎಂದು ಕ್ಷೇಮ ಕೇಳಿ, ಟವೆಲ್ ಹೊದಿಸಿ ಹೋದರು. ಶ್ರೀಪಾದ ಕುಕ್ಕರಗಾಲಲ್ಲಿ ಕುಳಿತು ಅವಳ ನಳಿಕೆಯನ್ನು ತೊಳೆಯುತ್ತಿದ್ದ, ಉಗುರಿನಿಂದ ಅಗುಳು ಬಿಡಿಸುತ್ತಾ.

ಅವಳು ನಾಚಿಕೆಯಿಂದ ಕೈ ಚಾಚಿದಳು. "ಇಲ್ಲಿ ಕೊಡು ಶ್ರೀಪಾದ, ನಾನು ತೊಳ್ಕೊತೀನಿ. ನಿಂಗೆ ಅಸಹ್ಯ ಆಗಲ್ವಾ?"

"ಆಗತ್ತೆ," ಅಂದ, ತಲೆಯೆತ್ತದೆ. "ಸಿಕ್ಕಾಪಟ್ಟೆ. ಈಗ ಮಾತಾಡಿಸ್ಬೇಡ, ಉಸಿರು ಹಿಡ್ಕೊಂಡಿದೀನಿ."

ಅವಳು ಅವನನ್ನೇ ನೋಡಿದಳು. ಮುಖ ಕಿವುಚಿಕೊಂಡಿತ್ತು, ಮೂಗು ಸೊಟ್ಟಗಿತ್ತು, ಕೈ ಮಾತ್ರ ನಿಂತಿರಲಿಲ್ಲ. ಪ್ರೀತಿ ಬಂದರೆ ಅಸಹ್ಯ ಹೋಗುತ್ತದೆ ಎಂದು ಅವಳು ಇಷ್ಟು ದಿನ ಕಾದಿದ್ದಳು. ಅದು ಹೋಗುವುದಿಲ್ಲ. ಅದನ್ನು ಪಕ್ಕಕ್ಕೆ ಕೂರಿಸಿಕೊಂಡೇ ತೊಳೆಯಬೇಕು.

ಒಂದೂವರೆ ಗಂಟೆ ಕಳೆಯಿತು. ಅಲೆ ತಗ್ಗಿತು, ಹೊಟ್ಟೆ ಹಗುರಾಯಿತು. ಮೂರನೇ ಟ್ಯೂಬು ಇನ್ನೂ ಖಾಲಿಯಿತ್ತು; ಮತ್ತೆ ಇಳಿಯಬೇಕಿತ್ತು.

ಕೃಪಾ ಬೆಂಚಿನ ಮೇಲಿದ್ದ ಮಾಸ್ಕನ್ನು ಎತ್ತಿಕೊಂಡಳು. ಹಳದಿ ಟೇಪಿಲ್ಲವೆಂದು ಎರಡು ಸಲ ಖಚಿತಪಡಿಸಿಕೊಂಡಳು. ಆಮೇಲೆ ಗಾಜಿನ ಒಳಗೆ ಉಗುಳಿ, ಅಂಚಿನಿಂದ ಅಂಚಿಗೆ ಸವರಿ, ಅವನತ್ತ ಚಾಚಿದಳು.

"ತಗೋ. ಹತ್ತು ಕೋಟಿ."

ಶ್ರೀಪಾದ ಮಾಸ್ಕನ್ನು ನೋಡಿದ, ಅವಳನ್ನು ನೋಡಿದ.

"ಸೋಮವಾರ ಫಾರಂ ಕೊಟ್ಬಿಡು," ಅಂದಳು. "ಬರೀ ಫ್ರೆಂಡ್ ಆಗಿ ಅಲ್ಲ."

ಅವನ ಎಡಗಣ್ಣು ಮೊದಲು ಕಿರಿದಾಯಿತು. ಮೋರಿ ಸಾನ್ ಬಕೆಟ್ಟನ್ನು ಕಾಲಿನಿಂದ ಅವನತ್ತ ನೂಕಿದರು. ಅವನು ಅದನ್ನು ಮುಟ್ಟಲಿಲ್ಲ. ಮಾಸ್ಕನ್ನು ಅದ್ದದೆ, ತೊಳೆಯದೆ, ಹಾಗೆಯೇ ಮುಖಕ್ಕೆ ಹಾಕಿಕೊಂಡ.

"ಥೂ," ಅಂದಳು ಕೃಪಾ, ಮತ್ತು ಅವನ ಕೈ ಹಿಡಿದು ಬೋಟಿನ ಅಂಚಿಗೆ ನಡೆದಳು.