ಬಕ್ಕಪ್ಪನ ಬಳ್ಳಿಗೆ ಹೊದಿಸಿದ ಕಾವು

ಆ ಮುಂಜಾನೆಯ ಚಳಿಗೆ ಬೀದರಿನ ಕೋಟೆಯ ಕಲ್ಲುಗಳೂ ಹಲ್ಲು ಕಡಿಯುತ್ತಿದ್ದವು. ನಲ್ಲಿಯ ನೀರು ಕೊಡಕ್ಕೆ ಬೀಳುವ ಮೊದಲೇ ಕೋಲಾಗಿ ನಿಲ್ಲುತ್ತಿತ್ತು. ಆದರೆ ಬಕ್ಕಪ್ಪನ ತಾರಸಿಯ ಅವರೆಬಳ್ಳಿಯ ಎಲೆಗಳಿಂದ ಹಬೆ ಏಳುತ್ತಿತ್ತು! ಓಣಿಯ ಬೆಕ್ಕುಗಳೆಲ್ಲ ಅದರ ಬುಡದಲ್ಲಿ ಕಾಲು ಚಾಚಿ ಮಲಗಿದ್ದವು. ಬೆವರು ಒರೆಸಿಕೊಳ್ಳುವುದೊಂದೇ ಬಾಕಿ.

ಇದು 'ಕಾವುಲೇಪ'ದ ಕರಾಮತ್ತು. ಡಾಕ್ಟರ್ ನಾಜನೀನ್ ಎಂಬ ವಿಜ್ಞಾನಿ ಹತ್ತು ವರ್ಷ ಪ್ರಯೋಗಾಲಯದಲ್ಲೇ ಉಂಡು ಮಲಗಿ ಒಂದು ಬ್ಯಾಕ್ಟೀರಿಯಾವನ್ನು ಪಳಗಿಸಿದ್ದರು. ಎಲೆ ಒಸರುವ ಸಕ್ಕರೆಯನ್ನು ತಿಂದು ಬದುಕುವ ಈ ಸೂಕ್ಷ್ಮಜೀವಿ, ಉಷ್ಣಾಂಶ ನಾಲ್ಕು ಡಿಗ್ರಿಗಿಂತ ಕೆಳಗಿಳಿದ ಕೂಡಲೇ ಕಾವು ಬಿಡುತ್ತದೆ, ಹುದುಗು ಬಂದ ಹಿಟ್ಟು ಬೆಚ್ಚಗಾಗುವ ಹಾಗೆ. ನೀರಿನಲ್ಲಿ ಕದಡಿ ಎಲೆಗೆ ಸಿಂಪಡಿಸಿದರೆ ಸಾಕು.

ಋತುಗಳು ಹಳಿ ತಪ್ಪಿದ್ದ ಕಾಲವದು. ಚಳಿಗಾಲವೆಂದರೆ ತಿಂಗಳುಗಟ್ಟಲೆ ಸೆಕೆ, ನಡುವೆ ಹೇಳದೆ ಕೇಳದೆ ನುಗ್ಗುವ ನಾಲ್ಕು ದಿನದ ಹಿಮ. ಹೋದ ವರ್ಷ ಅಂಥ ಒಂದೇ ಬೆಳಗಿಗೆ ಬಕ್ಕಪ್ಪನ ಕುಂಡದ ಗಿಡಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದವು. ಹೆಂಡತಿ ಶಕುಂತಲಾಬಾಯಿ ತವರಿನಿಂದ ತಂದಿದ್ದ ಅವರೆಯಲ್ಲಿ ಒಂದೇ ಒಂದು ಬೀಜ ಉಳಿಯಿತು. ಆ ತಳಿ ಬೇರೆಲ್ಲೂ ಇಲ್ಲ. ಆ ಬೀಜದ ಬಳ್ಳಿ ಇದು; ಇದಕ್ಕೇ ನಾಜನೀನ್ ಈ ಸಲ ಲೇಪ ಸಿಂಪಡಿಸಿಕೊಟ್ಟಿದ್ದರು. ಕಾಯಿ ಬಿಟ್ಟರೆ ತಳಿ ಉಳಿಯಿತು, ಇಲ್ಲದಿದ್ದರೆ ಮುಗಿಯಿತು.

ಬಳ್ಳಿಯೇನೋ ಬದುಕಿತು. ಬದುಕುವುದೇನು, ಮೆರೆಯಿತು! ನೀರಿನ ಟಾಕಿಯನ್ನು ಏಳು ಸುತ್ತು ಸುತ್ತಿ, ಮೂರು ಮನೆ ದಾಟಿ, ನಾಲ್ಕನೆಯ ಮನೆಯವರು ಒಣಗಲು ಹಾಕಿದ್ದ ಧೋತರವನ್ನು ಎಳೆದುಕೊಂಡಿತು. ಒಂದೊಂದು ಎಲೆಯೂ ಊಟದ ತಾಟಿನಷ್ಟು. ಆದರೆ ಹೂವಿಲ್ಲ. ಹೆಸರಿಗೆ ಒಂದು ಮೊಗ್ಗೂ ಇಲ್ಲ.

"ಇದು ಸುಖದಾಗ ಅದನೋ, ಬ್ಯಾನಿ ಬಿದ್ದದನೋ?" ಬಕ್ಕಪ್ಪ ತಲೆ ಕೆರೆದುಕೊಂಡ.

"ನಿಮ್ಮಂಗೇ ಅದ," ಎಂದಳು ಶಕುಂತಲಾಬಾಯಿ. "ಮೈ ಬೆಳೀತದ, ಕೆಲಸ ಇಲ್ಲ."

ಕರೆ ಹೋದದ್ದೇ ನಾಜನೀನ್ ಬಂದರು. ಎಲೆಗಳ ನಡುವೆ ಉಷ್ಣಮಾಪಕ ಇಟ್ಟು ಹುಬ್ಬೇರಿಸಿದರು. ಇಪ್ಪತ್ತೊಂಬತ್ತು ಡಿಗ್ರಿ!

"ಕಾಕಾ, ಇದಕ್ಕ ಏನರೆ ಹಾಕೀರೇನು?"

"ಏನಿಲ್ರೀ ಮೇಡಮ್. ನೀರು, ಗೊಬ್ಬರ, ಅಷ್ಟೇ."

ಶಕುಂತಲಾಬಾಯಿ ಕೆಮ್ಮಿದಳು. "ಎಳ್ಳ ಅಮಾಸಿಗಿ ಚರಗ ಚೆಲ್ಲಿದ್ದು ಹೇಳ್ರಿ."

"ಅದು ಹಾಕಿದ್ದು ಹ್ಯಾಂಗಾತು? ಭೂತಾಯಿಗಿ ಉಣಿಸಿದ್ದು!"

ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಬೆಳೆಯ ಮೇಲೆ ಹಬ್ಬದಡುಗೆ ಎರಚುವುದೇ ಚರಗ. ಹೊಲವಿಲ್ಲದ ಬಕ್ಕಪ್ಪ ಕುಂಡಗಳಿಗೆ ಎರಚುತ್ತಿದ್ದ. ಈ ಸಲ ಇರುವುದೊಂದೇ ಬಳ್ಳಿಯೆಂದು, ಇಡೀ ಹೊಲದ ಪಾಲಿನ ಅಂಬಲಿ, ಬೆಲ್ಲದ ಹುಗ್ಗಿ ಎಲ್ಲವನ್ನೂ ಎಲೆ ಎಲೆಗೂ ಸವರಿ ಭಕ್ತಿ ಮೆರೆದಿದ್ದ.

ನಾಜನೀನ್ ನಕ್ಕರು, ಅರ್ಧಕ್ಕೇ ನಿಲ್ಲಿಸಿದರು. "ಬೆಲ್ಲ! ನನ್ನ ಜೀವಿಗಳಿಗಿ ನೀವು ಮದವಿ ಊಟ ಹಾಕೀರಿ ಕಾಕಾ. ಅವು ಸೊಕ್ಕಿ, ಡಿಗ್ರಿ ಲೆಕ್ಕ ಬಿಟ್ಟು, ಮೂರೂ ಹೊತ್ತು ಒಲಿ ಉರಸ್ಲಾಕತ್ತಾವ." ಈ ಅವರೆಗೆ ಹಗಲು ಕಿರಿದಾದರಷ್ಟೇ ಸಾಲದು, ಕೆಲವು ತಣ್ಣನೆಯ ಮುಂಜಾವುಗಳೂ ತಾಗಬೇಕು, ಆಗಲೇ ಅದು ಹೂಬಿಡುವ ಹೊತ್ತೆಂದು ತಿಳಿಯುತ್ತದೆ ಎಂದು ವಿವರಿಸಿದರು. ಬಳ್ಳಿಯ ಪಾಲಿಗೆ ಇದಿನ್ನೂ ಆಷಾಢವೇ.

"ಅಂದ್ರ ಚಳಿ ಬೇಕು?"

"ಬೇಕು."

"ಹೋದ ವರ್ಷ ಎಲ್ಲಾ ಕೊಂದಿದ್ದು?"

"ಅದೂ ಚಳೀನೇ."

"ಎಷ್ಟು ಬೇಕು, ಎಷ್ಟು ಬ್ಯಾಡ?"

ನಾಜನೀನ್ ಟಿಪ್ಪಣಿ ಪುಸ್ತಕ ತೆರೆದರು, ಮುಚ್ಚಿದರು. "ಗೊತ್ತಿಲ್ಲ ಕಾಕಾ. ಚಳಿ ತಡಿಯೋದು ಕಲ್ತೀನಿ. ಅಳದು ಕೊಡೋದು ಕಲ್ತಿಲ್ಲ."

ಅಂಟುವಾಳದ ನೀರಿನಿಂದ ಒರೆಸಿದರೆ ಲೇಪ ಹೋಗುತ್ತಿತ್ತು. ಹಿಮ ಇನ್ನು ಎರಡೇ ಮುಂಜಾನೆ ಎಂದು ಹವಾಮಾನದವರು ಸಾರಿದ್ದರು. ಒದ್ದೆ ಬಟ್ಟೆ ಹಿಡಿದ ಬಕ್ಕಪ್ಪನಿಗೆ ಒರೆಸಿದರೂ ಭಯ, ಒರೆಸದಿದ್ದರೂ ಭಯ.

"ಅರ್ಧ ಒರಸ್ರಿ," ಎಂದಳು ಶಕುಂತಲಾಬಾಯಿ. "ಬೀಜ ನಮ್ಮವ್ವಂದು. ಹೋದ್ರ ನನ್ನ ಮ್ಯಾಲಿರಲಿ."

ಹತ್ತು ಸಾವಿರ ಎಲೆ ಒರೆಸಿದನಂತೆ, ಎಣಿಸಿದವರು ಯಾರು? ಮರುದಿನ ಒರೆಸಿದ ಭಾಗ ಸುಟ್ಟ ಹಪ್ಪಳದಂತೆ ಕಪ್ಪಾಗಿತ್ತು. ಒರೆಸದ ಭಾಗ ಹಸಿರಾಗಿ ಉಬ್ಬಿ ಕೂತಿತ್ತು, ಹೂವಿಲ್ಲದೆ. ಶಕುಂತಲಾಬಾಯಿ ಕಪ್ಪಾದ ಎಲೆಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿದಳು.

ಹತ್ತನೆಯ ದಿನ ಎರಡರ ನಡುವೆ, ಒಂದು ಗೇಣು ಜಾಗದಲ್ಲಿ, ನೇರಳೆ ಮೊಗ್ಗಿನ ಗೊಂಚಲು!

ನಾಜನೀನ್ ಓಡಿಬಂದರು. "ಇಲ್ಲಿ ಹ್ಯಾಂಗ ಒರಸಿದ್ರಿ?"

"ಒರಸಿ ಒರಸಿ ಕೈ ಸೋತಿತ್ತು. ಹಂಗೇ ಸವರಿ ಬಿಟ್ಟೆ."

"ಎಷ್ಟು ಸೋತಿತ್ತು?" ಪೆನ್ನು ಹಿಡಿದು ಗಂಭೀರವಾಗಿ ಕೇಳಿದರು. ಬಕ್ಕಪ್ಪ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ.

ಮಾಘದ ಕೊನೆಗೆ ಐದು ಕಾಯಿ ಒಣಗಿದವು. ನಾಜನೀನ್ ಬಂದು ಎಣಿಸಿದರು, ಬೀಜ ಹದಿನೇಳು. ಶಕುಂತಲಾಬಾಯಿ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಸೆಕೆ ಆಗಲೇ ಶುರುವಾಗಿತ್ತು.

"ನಾ ಸಣ್ಣಾಂವ ಇದ್ದಾಗ," ಎಂದ ಬಕ್ಕಪ್ಪ, "ಎರಡು ಸಾವಿರದ ಇಪ್ಪತ್ತೈದರ ಸುಮಾರಿಗಿ, ಚಳಿ ದಿನಾ ಮುಂಜಾನಿ ತಾನೇ ಬರ್ತಿತ್ತು. ಯಾರೂ ಅಳದು ಕೊಡ್ತಿದ್ದಿಲ್ಲ. ಕೌದಿ ಒಳಗ ಮುದುಡಿಕೊಂಡು, ಇದು ಯಾವಾಗ ತೊಲಗ್ತದೋ ಅಂತ ದಿನಾ ಬೈತಿದ್ದೆ."

ಗಲಿಬಿಲಿಗೊಂಡವನಂತೆ ನಾಜನೀನರ ಮುಖ ನೋಡಿದ.

"ನಾ ಬೈದಿದ್ದು ಚಳಿಗಿ ಕೇಳಿಸ್ತೇನ್ರೀ ಮೇಡಮ್?"