ಫ್ರೀಜರಿನೊಳಗೊಂದು ಗುಲಾಬಿ ವಸಡು

ಮೂರನೇ ಸಲ ಅದೇ ಮೆಟ್ಟಿಲು ಹತ್ತುವಾಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಫ್ರಿಜ್ ರಿಪೇರಿಗೆ ಇಳಿದ ಆರು ವರ್ಷಗಳಲ್ಲಿ, ಅವಳು ತುಂಬಿದ ಗ್ಯಾಸ್ ಒಂದೇ ಮನೆಯಲ್ಲಿ ಎರಡು ಸಲ ಸೋರಿಹೋದದ್ದು ಇದೇ ಮೊದಲು. ಅಂಗಡಿ ನಡೆಸುವ ಸೋದರಮಾವ ಬೆಳಿಗ್ಗೆ ಖಡಾಖಂಡಿತವಾಗಿ ಹೇಳಿದ್ದರು: "ಇವತ್ತು ಲೀಕ್ ಸಿಗಲಿಲ್ಲ ಅಂದ್ರೆ, ಸೋಮವಾರದಿಂದ ಕೌಂಟರಲ್ಲಿ ಕೂತು ಫೋನ್ ಎತ್ತು. ಟೂಲ್ ಬ್ಯಾಗ್ ಮುಟ್ಟಬೇಡ."

ಬಾಗಿಲು ತೆರೆದವನು ಕೃತಕ ಹಲ್ಲಿನ ಸೆಟ್ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ವರ್ಕ್‌ಶಾಪ್; ಮೇಜಿನ ಮೇಲೆ ಯಾರ್ಯಾರದೋ ನಗು ಸಾಲಾಗಿ ಕೂತಿತ್ತು.

"ಬನ್ನಿ. ಟೀ ಮಾಡ್ಲಾ?"

"ಟೀ ಕುಡಿಯೋಕೆ ಬಂದಿಲ್ಲ."

"ಹೋದ ಸಲಾನೂ ಹಾಗೇ ಅಂದು ಎರಡು ಲೋಟ ಕುಡಿದ್ರಿ."

ಅವಳು ದುರುಗುಟ್ಟಿ ನೋಡಿದಳು. ಕನ್ನಡಕದ ಹಿಂದೆ ಅವನ ಕಣ್ಣು ನಗುತ್ತಿತ್ತು. ಹುಬ್ಬಿನ ಮೇಲೆ ಸೆಟ್ಟಿನ ಹಲ್ಲು ತೀಡಿದ ಬಿಳಿ ಪುಡಿ. ಒರೆಸಬೇಕೆನ್ನಿಸಿತು, ಹಾಗನ್ನಿಸಿದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಈ ಸಲ ಲೀಕ್ ಹುಡುಕಲು ಸೋಪಿನ ನೊರೆಯನ್ನು ನೆಚ್ಚಿಕೊಳ್ಳಲಿಲ್ಲ. ಗ್ಯಾಸ್ ಸೋರುವ ಜಾಗದಲ್ಲಿ ಕೂಗಿಕೊಳ್ಳುವ ಮೆಷಿನ್ ತಂದಿದ್ದಳು. ಹಿಂದಿನ ಪೈಪು, ಬೆಸುಗೆ, ಕಂಪ್ರೆಸರ್, ಎಲ್ಲದರ ಮೇಲೂ ಅದರ ಮೂತಿ ಆಡಿಸಿದಳು. ಸದ್ದಿಲ್ಲ. ಫ್ರೀಜರಿನೊಳಗೆ ಇಟ್ಟದ್ದೇ ತಡ, ಕಿರುಚಿತು.

ಫ್ರೀಜರಿನ ತಳದಲ್ಲಿ ಅವನು ಹಾಸಿದ್ದ ಪ್ಲಾಸ್ಟಿಕ್ ಹಾಳೆಗೆ ಅವಳು ಕೈಹಾಕಿದಳು.

"ಅದು... ಅದು ಹಾಗೇ ಇರಲಿ," ಎಂದ.

ಎತ್ತಿದಳು. ಕೆಳಗೆ ಕಡಲೆಕಾಳಿನಷ್ಟು ಗುಲಾಬಿ ತೇಪೆ. ಅಂಚು ತೀಡಿ, ಪಾಲಿಶ್ ಹೊಡೆದು, ಥೇಟ್ ವಸಡಿನ ಹಾಗೇ ಇತ್ತು.

"ಏನ್ರೀ ಇದು?"

"ಹಲ್ಲು ಸೆಟ್ಟಿನ ಮೆಟೀರಿಯಲ್."

"ಮೊದಲ ದಿನಾನೇ ಕೇಳಿದ್ನಲ್ಲ, ಚಾಕು ಹಾಕಿ ಐಸ್ ಕೆತ್ತಿದ್ರಾ ಅಂತ? ಇಲ್ಲ ಅಂದ್ರಿ!"

"ಚಾಕು ಅಲ್ಲ... ಮೇಣ ಕೆತ್ತೋ ಉಳಿ."

"ಎಲ್ಲಿ ತಲೆ ಚಚ್ಕೊಳ್ಲಿ ನಾನು! ಬಾಯಿ ಬೆಚ್ಚಗಿರುತ್ತೆ, ಅಲ್ಲಿ ಇದು ನಿಲ್ಲುತ್ತೆ. ಇಲ್ಲಿ ತಣ್ಣಗಾದ್ರೆ ಕುಗ್ಗಿ ಅಂಚು ಬಿಡುತ್ತೆ. ಫ್ರಿಜ್ ಆಫ್ ಮಾಡಿದ್ರೆ ಮತ್ತೆ ಕೂತ್ಕೊಳ್ಳುತ್ತೆ; ನಾನು ಆಫ್ ಮಾಡೇ ಹಿಂದೆಲ್ಲ ಹುಡುಕಿದ್ದೇ ಹುಡುಕಿದ್ದು. ಇವತ್ತೂ ಸಿಗದಿದ್ರೆ ಸೋಮವಾರದಿಂದ ಮಾವ ನನ್ನ ಈ ಕೆಲಸದಿಂದಾನೇ ತೆಗೀತಿದ್ರು, ಗೊತ್ತಾ?"

ಅವನ ಮುಖ ಸಪ್ಪಗಾಯಿತು. ಅಂಗಡಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿದ.

"ಸರ್, ಫ್ರಿಜ್ ತೂತು ಮಾಡಿದ್ದು ನಾನು. ಸುಳ್ಳು ಹೇಳಿದ್ದೂ ನಾನೇ. ಇವರದು ಕೂದಲಷ್ಟೂ ತಪ್ಪಿಲ್ಲ."

"ಯಾಕ್ರೀ ಸುಳ್ಳು ಹೇಳಿದ್ರಿ?" ಮಾವ ಗುಡುಗಿದರು.

ಉತ್ತರ ಹೇಳುವಾಗ ಅವನು ಅವಳನ್ನೇ ನೋಡುತ್ತಿದ್ದ. "ಮೊದಲ ದಿನ ಇವರು ಬ್ಯಾಗ್ ಕೆಳಗಿಡ್ತಾನೇ ಅಂದ್ರು, ಬುದ್ಧಿ ಇರೋರು ಯಾರೂ ಫ್ರೀಜರಿಗೆ ಚೂಪಾದ್ದು ಹಾಕಲ್ಲ ಅಂತ. ಇವರ ಮುಂದೆ ದಡ್ಡ ಅನ್ನಿಸ್ಕೊಳ್ಳೋಕೆ ಮನಸ್ಸು ಬರಲಿಲ್ಲ ಸರ್. ಒಂದ್ಸಲ ಇಲ್ಲ ಅಂದ್ಮೇಲೆ, ಹೌದು ಅನ್ನೋಕೆ ನಾಲಿಗೆ ಏಳಲಿಲ್ಲ."

ಆ ಕಡೆ ಮಾವ ಕೆಮ್ಮಿದ್ದು ಕೇಳಿಸಿತು. "ಸರಿ. ಬ್ಯಾಗ್ ಅವಳ ಹತ್ರಾನೇ ಇರಲಿ," ಎಂದು ಫೋನಿಟ್ಟರು.

ಅವಳಿಗೆ ಸಿಟ್ಟು, ನಗು ಎರಡೂ ಒಟ್ಟಿಗೆ ಬಂದವು. ಎರಡನೇ ಲೋಟ ಟೀ ಕುಡಿದ ದಿನದಿಂದಲೇ ಅವನು ಇಷ್ಟವಾಗಿದ್ದ. ಅದಕ್ಕೇ ಈ ಸುಳ್ಳು ಇಷ್ಟು ಚುಚ್ಚಿತು. ತೇಪೆ ಕಿತ್ತು, ತೂತನ್ನು ಸರಿಯಾದ ಅಂಟಿನಿಂದ ಮುಚ್ಚಿ, ಒಣಗಿದ ಮೇಲೆ ಗ್ಯಾಸ್ ತುಂಬಿದಳು. ಫ್ರಿಜ್ ತಣ್ಣಗಾಗುವವರೆಗೂ ಕಾದಳು. ಅಷ್ಟರಲ್ಲಿ ಅವನು ತಂದಿಟ್ಟ ಟೀ ಬಿಡದೆ ಕುಡಿದಳು. ಕೊನೆಗೆ ಮೆಷಿನ್ನನ್ನು ಫ್ರೀಜರಿನೊಳಗೆ ಹಿಡಿದಳು. ಸದ್ದಿಲ್ಲ.

"ಇನ್ನು ಸೋರಲ್ಲ," ಎಂದಳು.

"ಹಾಗಾದ್ರೆ ಇನ್ನು ನೀವು ಬರಲ್ಲ."

ಅವನ ದನಿ ಇಳಿದಿತ್ತು. ಬ್ಯಾಗ್ ಹೆಗಲಿಗೇರಿಸಿ ಬಾಗಿಲ ತನಕ ಹೋದವಳು ಸರಕ್ಕನೆ ತಿರುಗಿ ಬಂದು, ಅವನ ಹುಬ್ಬಿನ ಪುಡಿ ಹೆಬ್ಬೆರಳಲ್ಲಿ ಒರೆಸಿದಳು.

"ಎಂಥ ದಡ್ಡರಪ್ಪಾ ನೀವು! ಫ್ರಿಜ್ ಕೆಡದಿದ್ರೆ ನನ್ನ ಕರೀಬಾರದಾ?"