ಜಾಣೆಗೆ ಸಲ್ಲಬೇಕಾದದ್ದು

“ಏಳು ವರ್ಷದಲ್ಲಿ ನಿಮ್ಮ ನಾಯಿಗಳಿಗೆ ಒಂದಾದರೂ ಬಾಂಬ್ ಸಿಕ್ಕಿದೆಯಾ?” ಎಂದು ಅನುದಾನ ಸಮಿತಿಯ ಅಧ್ಯಕ್ಷೆ ಕೇಳಿದ್ದರು. ಇಲ್ಲ ಎಂದು ಅವನು ಒಪ್ಪಿಕೊಂಡಿದ್ದ. ಭಯೋತ್ಪಾದನಾ ನಿಗ್ರಹ ದಳದ ನಾಯಿ ಜಾಣೆಯನ್ನು ಹಿಡಿದು ಅವನು ದಿನವೂ ಸುತ್ತುವ ರೈಲು ನಿಲ್ದಾಣದಲ್ಲಿ ಅಷ್ಟು ವರ್ಷ ಏನೂ ಆಗಿರಲಿಲ್ಲ. ಆಗದೇ ಇದ್ದದ್ದನ್ನು ಫೈಲಿನಲ್ಲಿ ತೋರಿಸುವುದು ಹೇಗೆ? ಅಧ್ಯಕ್ಷೆ ನಯವಾಗಿ ನಕ್ಕು ಹಾಳೆ ತಿರುವಿದ್ದರು. ಆ ನಗು ಅವನ ಮೈ ಉರಿಸಿತ್ತು.

ಗುರುವಾರ ಸಮಿತಿ ಅನುದಾನಕ್ಕೆ ಒಪ್ಪದಿದ್ದರೆ ನಾಯಿಗಳ ದಳಕ್ಕೆ ಬೀಗ. ನಾಯಿ ಇಲ್ಲದ ಕಾಲವನ್ನೂ ಅವನು ಕಂಡಿದ್ದ. ಅದೇ ನಿಲ್ದಾಣದಲ್ಲಿ ಸ್ಫೋಟವಾದ ದಿನ, ಉಳಿದ ಚಪ್ಪಲಿಗಳನ್ನು ಜೋಡಿ ಹುಡುಕಿ ಸಾಲಾಗಿ ಇಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಜೋಡಿ ಸಿಗದವೇ ಹೆಚ್ಚು. ದಳ ಹುಟ್ಟಿದ್ದು ಅದಾದ ಮೇಲೆ.

ಹಾಗಾಗಿ ಒಂದು ಬಾಂಬ್ ಸಿಗಲೇಬೇಕಿತ್ತು.

ಅವನು ಎಲ್ಲವನ್ನೂ ಅಳೆದು ತೂಗಿದ. ಸಂತೆಯಲ್ಲಿ ಕೊಂಡ ಹಳೇ ಚೀಲ, ಕೆಟ್ಟ ಗಡಿಯಾರ, ನಾಲ್ಕು ತಂತಿ. ಜೊತೆಗೆ ನಾಯಿಗಳ ತಾಲೀಮಿಗೆ ಬಳಸುವ ಹತ್ತಿಯ ತುಂಡು. ಅದರಲ್ಲಿ ಸಿಡಿಮದ್ದಿನ ವಾಸನೆ ಇತ್ತೇ ಹೊರತು ಸಿಡಿಯುವಂಥದ್ದು ಏನೂ ಇರಲಿಲ್ಲ. ಬಿಚ್ಚಿ ನೋಡಿದವರು, ಯಾರೋ ದೊಡ್ಡ ಸ್ಫೋಟಕ್ಕೆ ಪೂರ್ವಸಿದ್ಧತೆ ನಡೆಸಿದ್ದಾರೆ ಎಂದು ಬರೆಯುತ್ತಾರೆ. ಸಮಿತಿಗೆ ಅಷ್ಟು ಸಾಕು. ನಿಲ್ದಾಣದ ತೂಕದ ಯಂತ್ರದ ಹಿಂದೆ ಕ್ಯಾಮೆರಾ ಕಣ್ಣು ಹಾಯುವುದಿಲ್ಲವೆಂದು ಐದು ಸಲ ವರದಿ ಕೊಟ್ಟವನೇ ಅವನು. ಯಾರೂ ಓದಿರಲಿಲ್ಲ.

“ಯಾಕ್ರೀ, ಎರಡು ದಿನದಿಂದ ಊಟಾನೇ ಸೇರ್ತಿಲ್ಲ ನಿಮಗೆ?” ಎಂದಳು ಹೆಂಡತಿ.

“ಹೊಟ್ಟೆ ಸರಿಯಿಲ್ಲ.”

ಸರಿಯಿಲ್ಲದ್ದು ಮನಸ್ಸು. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಬುಧವಾರ ಬೆಳಿಗ್ಗೆ ಏಳಕ್ಕೆ ಕೈಗವಸು ತೊಟ್ಟು ಚೀಲ ಇಟ್ಟು ಬಂದ. ಹತ್ತಕ್ಕೆ ಸಮವಸ್ತ್ರದಲ್ಲಿ ಜಾಣೆಯೊಡನೆ ಎಂದಿನ ಸುತ್ತು. ತೂಕದ ಯಂತ್ರದ ಬಳಿ ಜಾಣೆ ಮೂಗು ಎತ್ತಿ, ಸದ್ದಿಲ್ಲದೆ ಕುಳಿತಳು; ಇಲ್ಲಿ ಸಿಡಿಮದ್ದಿದೆ ಎನ್ನುವ ಅವಳ ಸನ್ನೆ ಅದು. ಅವನು ಅವಳನ್ನು ಹಿಂದಕ್ಕೆ ಸೆಳೆದು ಸುದ್ದಿ ಮುಟ್ಟಿಸಿದ.

ಧ್ವನಿವರ್ಧಕ ಕೂಗಿದ್ದೇ ತಡ, ಜನ ದಿಕ್ಕಾಪಾಲಾದರು. ಮುದುಕರೊಬ್ಬರು ಮೆಟ್ಟಿಲಲ್ಲಿ ಜಾರಿ ಬಿದ್ದರು. ಮಗಳು “ಅಪ್ಪಾ, ಅಪ್ಪಾ” ಎನ್ನುತ್ತ ಅವರನ್ನು ಎತ್ತಲಾಗದೆ ಅಳುತ್ತಿದ್ದಳು. ಅವನು ಓಡಿಹೋಗಿ ಮುದುಕರನ್ನು ಹೊತ್ತು ತಂದ. “ನೀವು ಚೆನ್ನಾಗಿರಬೇಕು ಅಣ್ಣಾ,” ಎಂದು ಮಗಳು ಕೈ ಮುಗಿದಾಗ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬರಿದಾದ ಪ್ಲಾಟ್‌ಫಾರ್ಮಿನಲ್ಲಿ ಮತ್ತೆ ಚಪ್ಪಲಿಗಳು ಬಿದ್ದಿದ್ದವು. ಈ ಸಲ ಬೀಳಿಸಿದವನು ಅವನೇ.

ಚೀಲ ಬಿಚ್ಚುವವರು ಬರಲು ಇನ್ನೂ ಅರ್ಧ ಗಂಟೆಯಿತ್ತು. ತಡೆಗೋಡೆಯ ಈಚೆ, ದಳದ ಹಿರಿಯ ತರಬೇತುದಾರರು ಬೆನ್ನು ತಟ್ಟಿದರು. “ನಾಳೆ ಸಮಿತಿಯವರು ಬಾಯಿ ಬಿಡಲಿ ನೋಡೋಣ,” ಎಂದರು. ಅವನಿಗೆ ಅವರ ಮುಖ ನೋಡಲಾಗಲಿಲ್ಲ.

ಜಾಣೆ ಮಾತ್ರ ಅವನ ಮುಖವನ್ನೇ ನೋಡುತ್ತ ಕುಳಿತಿದ್ದಳು. ಅಂದು ತನ್ನ ಕೆಲಸವನ್ನು ನೆಟ್ಟಗೆ ಮಾಡಿದವಳು ಅವಳೊಬ್ಬಳೇ. ಬಹುಮಾನ ಕೊಡದೆ ಅವಳಿಗೂ ಮೋಸ ಮಾಡಲು ಅವನಿಗೆ ಮನಸ್ಸು ಬರಲಿಲ್ಲ. ತಾಲೀಮಿನ ವಾಸನೆ ಬಚ್ಚಿಟ್ಟ ದಿನವೆಲ್ಲ ರೂಢಿಯಂತೆ ಜೇಬು ಸೇರುವ ರಬ್ಬರ್ ಚೆಂಡು ಕೈಗೆ ಸಿಕ್ಕಿತು, ಎಸೆದ. ಜಾಣೆ ಚಂಗನೆ ಹಾರಿ ಅದನ್ನು ಕಚ್ಚಿಕೊಂಡಳು. ತರಬೇತುದಾರರ ನಗು ಅರ್ಧಕ್ಕೆ ನಿಂತಿತು. ಅವನಿಗೆ ಮೊದಲ ದಿನ ಅವರೇ ಕಲಿಸಿದ ಪಾಠವದು: ತಾಲೀಮಿನಲ್ಲಿ, ಬಚ್ಚಿಟ್ಟಿದ್ದು ನಾವೇ ಆದಾಗ, ನಾಯಿಗೆ ಚೆಂಡು; ನಿಜವಾದ ಕರ್ತವ್ಯದಲ್ಲಿ, ಒಳಗೇನಿದೆ ಎಂದು ಖಚಿತವಾಗುವ ತನಕ ಚೆಂಡು ಕೊಡುವಂತಿಲ್ಲ. ಅವರು ದೂರದ ಚೀಲವನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. “ಅದನ್ನ ಇನ್ನೂ ಯಾರೂ ಬಿಚ್ಚಿಲ್ವಲ್ಲೋ,” ಎಂದರು ಮೆಲ್ಲಗೆ.